ಕೋರ್ಟು ಏಳುವವರೆಗೆ

"ನೀವು ವಕೀಲರಲ್ಲ ಅಪ್ಪ! ರಿಟೈರ್ ಆದ ಸ್ಟೋರ್ಸ್ ಕ್ಲರ್ಕು! ಅದನ್ನ ಮೊದ್ಲು ತಲೇಲಿಟ್ಕೊಳ್ಳಿ!"

"ಆ ಕ್ಲರ್ಕಿನ ಸಂಬಳದಲ್ಲೇ ಕಣೋ ನೀನು ಎಂಜಿನಿಯರಾಗಿದ್ದು. ಬಾಯ್ಮುಚ್ಕೊಂಡು ಉಪ್ಪಿಟ್ಟು ತಿನ್ನು."

"ತಿನ್ನಲ್ಲ ಹೋಗಿ!"

ಶಿಶಿರ್ ತಟ್ಟೆ ತಳ್ಳಿದ. ಅದು ಮೇಜಿನ ಮೇಲೆ ಜಾರಿ ತಂಗಿಯ ಮುಂದೆ ನಿಂತಿತು. ತನ್ಮಯಿ ಅಣ್ಣನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಆಮೇಲೆ ಆ ತಟ್ಟೆಯಿಂದ ಎರಡು ಗೋಡಂಬಿ ಹೆಕ್ಕಿ ಬಾಯಿಗೆ ಹಾಕಿಕೊಂಡಳು.

"ನಿಂಗೆ ತಮಾಷೆ," ಅಂದ ಶಿಶಿರ್.

"ತಮಾಷೆ ಅಲ್ವೋ. ಕೋರ್ಟಿಗೆ ಹೋಗೋರು ನೀವಿಬ್ರು, ಉಪವಾಸ ನಾನ್ಯಾಕೆ ಮಾಡ್ಲಿ?"

ವಿಷಯ ಇಷ್ಟು. ಎರಡೂವರೆ ವರ್ಷದ ಹಿಂದೆ ಬೆನ್ನಿಗಾನಹಳ್ಳಿಯಲ್ಲಿ ಇವರ ಮನೆಯ ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡ ಏಳುತ್ತಿತ್ತು. ಅದನ್ನು ಕಾಯುತ್ತ, ಹಗಲು ಗಾರೆ ಕೆಲಸವನ್ನೂ ಮಾಡುತ್ತ ಶಹಾಪುರದ ಕಡೆಯ ಸಾಯಬಣ್ಣ ಅಲ್ಲೇ ತಗಡಿನ ಶೆಡ್ಡಿನಲ್ಲಿ ಹೆಂಡತಿಯ ಜೊತೆ ಇದ್ದ. ಒಂದು ಸಂಜೆ ಹೊಸ ತಾರಸಿಯ ಮೋಲ್ಡಿಗೆ ಬಿಟ್ಟ ನೀರು ಸಿಮೆಂಟಿನ ಸಮೇತ ಹರಿದು ಬಂದು ಶಿಶಿರನ ಅಪ್ಪ ಹಯಗ್ರೀವನ ಮನೆಯ ನೀರಿನ ಸಂಪಿನೊಳಗೆ ಇಳಿಯಿತು. ಕರೆಂಟು ಹೋಗಿತ್ತು. ಹಯಗ್ರೀವ ಕೂಗಾಡುತ್ತ ಹೋದ, ಸಾಯಬಣ್ಣ ಎದುರು ಮಾತಾಡಿದ, ಅಲ್ಲೇ ಬಿದ್ದಿದ್ದ ಸನಿಕೆಯ ಹಿಡಿ ಹಯಗ್ರೀವನ ಕೈಗೆ ಬಂತು. ಸಾಯಬಣ್ಣನ ತಲೆಗೆ ಆರು ಹೊಲಿಗೆ. ಜಗಳ ಬಿಡಿಸಲು ಓಡಿದ ಶಿಶಿರ್ ಆ ಕತ್ತಲಲ್ಲಿ ಸಾಯಬಣ್ಣನನ್ನು ಹಿಂದಿನಿಂದ ತಬ್ಬಿ ಎಳೆದಿದ್ದ. ಏಟು ಬಿದ್ದದ್ದು ಆಗಲೇ. ಪೊಲೀಸರು ಅಪ್ಪನನ್ನು ಒಂದನೇ ಆರೋಪಿ, ಮನೆಯ ಇನ್ನೊಬ್ಬ ಗಂಡಸು ಇವನೇ ಎಂಬ ಊಹೆಯ ಮೇಲೆ ಮಗನನ್ನು ಎರಡನೇ ಆರೋಪಿ ಎಂದು ಬರೆದುಕೊಂಡರು.

ಮಾರನೇ ದಿನವೇ ಸಾಯಬಣ್ಣನ ಹೆಂಡತಿ ಹುಸೇನಮ್ಮ ಗೇಟಿನ ಹತ್ತಿರ ಬಂದಿದ್ದಳು. "ದವಾಖಾನಿ ಖರ್ಚ ಕೊಟ್ಟು, ತಪ್ಪಾತು ಅಂತ ಒಂದ್ ಮಾತ ಅನ್ರಿ ಸಾಹೇಬ್ರ. ನಮಗೂ ಠಾಣಿ ಅಲ್ಯೂದು ಬ್ಯಾಡಾಗ್ಯದ" ಅಂದಿದ್ದಳು. "ಸಂಪು ಕೆಡಿಸಿದ್ದು ನೀವು, ತಪ್ಪು ನಂದಾ?" ಎಂದು ಹಯಗ್ರೀವ ಗೇಟು ಹಾಕಿಕೊಂಡಿದ್ದ. ಅಲ್ಲಿಗೆ ಮುಗಿಯಬೇಕಾದದ್ದು ಹೀಗೆ ಕೋರ್ಟು ಹತ್ತಿತು. ಆ ತಲೆ ಏನಾಯಿತು ಎಂದು ಈ ಮನೆಯಲ್ಲಿ ಯಾರೂ ಕೇಳಲಿಲ್ಲ.

ಈಗ ಶಿಶಿರನಿಗೆ ಸರ್ಕಾರಿ ವಿದ್ಯುತ್ ಕಂಪನಿಯಲ್ಲಿ ಜೂನಿಯರ್ ಎಂಜಿನಿಯರ್ ಕೆಲಸ ಬಂದಿತ್ತು. ನಾಲ್ಕು ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ. ಪಟ್ಟಿಯಲ್ಲಿ ಹೆಸರಿದೆ, ಆದೇಶ ಮಾತ್ರ ಕೈಗೆ ಬಂದಿಲ್ಲ. ಕೇಸು ಏನಾಯಿತೆಂದು ಮಾರ್ಚ್ ಕೊನೆಯೊಳಗೆ ತೀರ್ಪಿನ ನಕಲು ಕೊಡಬೇಕು ಎಂದು ಕಾಗದ ಬಂದಿತ್ತು. ಬಿಡುಗಡೆಯಾದರೆ ಕೆಲಸ, ಶಿಕ್ಷೆಯಾದರೆ ಹೆಸರು ಹೊಡೆದು ಹಾಕುತ್ತಾರೆ.

ಶಿಶಿರ್ ತನ್ನ ಪಾಲಿಗೆ ರಿಚರ್ಡ್ಸ್ ಟೌನಿನ ವಕೀಲೆ ನೌರೀನ್ ಅವರನ್ನು ಇಟ್ಟುಕೊಂಡಿದ್ದ. ಅಪ್ಪನಿಗೂ ಅವರೇ ಸಾಕಿತ್ತು. ಅಪ್ಪ ಒಪ್ಪಬೇಕಲ್ಲ! "ನನ್ನ ಕೇಸು ನಾನೇ ನಡೆಸ್ತೀನಿ" ಅಂದ.

ಅದಕ್ಕೆ ಕಾರಣ ಅವನು ಕ್ಲರ್ಕಾಗಿದ್ದ ಫ್ಯಾಕ್ಟರಿ. ಫ್ಯಾಕ್ಟರಿಯಲ್ಲಿ ನೌಕರನ ಮೇಲೆ ಆರೋಪ ಬಂದರೆ ಒಳಗೇ ವಿಚಾರಣೆ. ಅಲ್ಲಿಗೆ ವಕೀಲರನ್ನು ಬಿಡುತ್ತಿರಲಿಲ್ಲ. ಆರೋಪ ಹೊತ್ತವನ ಪರವಾಗಿ ಇನ್ನೊಬ್ಬ ನೌಕರನೇ ಮಾತಾಡಬೇಕು. ಇಪ್ಪತ್ತು ವರ್ಷ ಹಾಗೆ ಮಾತಾಡಿದವನು ಹಯಗ್ರೀವ. ಅವನ ವಿದ್ಯೆ ಒಂದೇ: ಮೊದಲು ಎಲ್ಲವನ್ನೂ ಒಪ್ಪಿಕೊಂಡುಬಿಡುವುದು. ಹೌದು, ಕುಡಿದು ಬಂದಿದ್ದ. ಹೌದು, ಸೂಪರ್‌ವೈಸರನ ಕಾಲರ್ ಹಿಡಿದ. ಆದರೆ ಯಾಕೆ ಹಿಡಿದ, ಅದನ್ನು ಕೇಳಿ ಸ್ವಾಮಿ! ಹೀಗೆ ಶುರುಮಾಡಿದರೆ ಎದುರು ಕೂತ ಅಧಿಕಾರಿ ಮೆತ್ತಗಾಗುತ್ತಿದ್ದ. ಕೆಲಸ ಹೋಗಬೇಕಾದವನಿಗೆ ಎಚ್ಚರಿಕೆ ಪತ್ರವೋ ಒಂದು ಇನ್‌ಕ್ರಿಮೆಂಟಿನ ಕಡಿತವೋ ಆಗಿ ಮುಗಿಯುತ್ತಿತ್ತು. ಅದೇ ಗೆಲುವು. ಕ್ಯಾಂಟೀನಿನಲ್ಲಿ ಹಯಗ್ರೀವನ ಬೆನ್ನು ತಟ್ಟುತ್ತಿದ್ದರು. ಆ ತಟ್ಟಿದ್ದು ಇನ್ನೂ ಇಳಿದಿರಲಿಲ್ಲ.

ಉಪ್ಪಿಟ್ಟಿನ ಜಗಳವಾದ ಆ ಭಾನುವಾರ ಹನ್ನೊಂದು ಗಂಟೆಗೆ ನೌರೀನ್ ತಾವೇ ಮನೆಗೆ ಬಂದರು. ಮೂವತ್ತು ದಾಟಿದ ಹೆಣ್ಣುಮಗಳು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ. ಶಿಶಿರನ ಅಮ್ಮ ಅಂಬುಜಾ ಕಾಫಿ ಕೊಟ್ಟಳು.

"ಅಂಕಲ್, ಸಾಯಬಣ್ಣನ್ನ ಹಿಂದಿನಿಂದ ಯಾರೋ ಹಿಡ್ಕೊಂಡ್ರು ಅಂತ ಅವರ ಹೇಳಿಕೆಯಲ್ಲಿದೆ. ಮುಖ ನೋಡಿದ್ದೀನಿ ಅಂತ ಇಲ್ಲ. ಬೇರೆ ಸಾಕ್ಷಿಗಳೂ ಇಲ್ಲ. ಶಿಶಿರ್ ಅಲ್ಲಿದ್ದ ಅಂತ ತೋರಿಸ್ಬೇಕಾದ್ದು ಸರ್ಕಾರದ ಕಡೆಯೋರು. ತೋರಿಸೋಕಾಗ್ಲಿಲ್ಲ ಅಂದ್ರೆ ಬಿಡುಗಡೆ. ನಾವು ಬಾಯಿ ಬಿಡ್ಲೇಬಾರದು."

"ಆದ್ರೆ ಇವನು ಇದ್ನಲ್ಲಮ್ಮ," ಅಂದ ಹಯಗ್ರೀವ. "ಜಗಳ ಬಿಡಿಸೋಕೆ ಬಂದ. ಅದು ಒಳ್ಳೇದೇ ಅಲ್ವಾ? ಒಳ್ಳೇದನ್ನ ಯಾಕೆ ಮುಚ್ಚಿಡ್ಬೇಕು?"

"ಒಬ್ಬ ಹಿಡ್ಕೊಂಡ, ಇನ್ನೊಬ್ಬ ಹೊಡೆದ ಅಂದ್ರೆ ಕೋರ್ಟಿನ ಲೆಕ್ಕದಲ್ಲಿ ಇಬ್ರೂ ಸೇರಿ ಹೊಡೆದ ಹಾಗೆ ಅಂಕಲ್."

"ಬಿಡಿಸೋಕೆ ಬಂದೋನನ್ನ ಯಾರಾದ್ರೂ ಹಾಗಂತಾರಾ? ನಾನು ವಿವರಿಸಿ ಹೇಳ್ತೀನಿ. ಹೆಚ್ಚು ಅಂದ್ರೆ ಐನೂರೋ ಸಾವಿರವೋ ದಂಡ ಹಾಕ್ತಾರೆ."

"ಒಂದು ರೂಪಾಯಿ ದಂಡ ಹಾಕಿದ್ರೂ ಅದು ಶಿಕ್ಷೆ. ಶಿಶಿರ್ ಕೆಲಸ ಹೋಯ್ತು. ದಯವಿಟ್ಟು ಅರ್ಥ ಮಾಡ್ಕೊಳ್ಳಿ."

"ನೀವು ಹುಟ್ಟೋ ಮೊದ್ಲಿಂದ ಇಂಥದ್ದು ನೋಡಿದ್ದೀನಮ್ಮ ನಾನು."

ನೌರೀನ್ ಕಾಫಿ ಲೋಟ ಕೆಳಗಿಟ್ಟರು. "ಆಂಟಿ, ಕಾಫಿ ಚೆನ್ನಾಗಿದೆ," ಅಂದರು. ಎದ್ದು ಹೋದರು. ಇನ್ನೇನು ಹೇಳಬೇಕಿತ್ತು?

ಮಧ್ಯಾಹ್ನ ಊಟಕ್ಕೆ ಕೂತಾಗ ಅಂಬುಜಾ ಗಂಡನ ತಟ್ಟೆಗೆ ಬರೀ ಅನ್ನ ಬಡಿಸಿ ನಿಂತಳು.

"ಹುಳಿ?"

"ಮಾತು ಕೊಡಿ, ಆಮೇಲೆ ಹುಳಿ."

"ಎಂಥ ಮಾತೇ?"

"ಬುಧವಾರ ಕೋರ್ಟಲ್ಲಿ ಶಿಶಿರನ ಹೆಸರು ನಿಮ್ಮ ಬಾಯಲ್ಲಿ ಬರಬಾರದು. ನಿಮ್ಮದೇನಿದ್ಯೋ ಅದನ್ನ ಎಷ್ಟು ಬೇಕಾದ್ರೂ ಮಾತಾಡ್ಕೊಳ್ಳಿ. ಅವನ ಹೆಸರು ಬೇಡ."

"ಏನೇ ಇದು, ಅನ್ನದ ಮುಂದೆ ಕೂರಿಸಿ ಬ್ಲಾಕ್‌ಮೇಲು?"

"ಹೌದು."

ತನ್ಮಯಿ ನಕ್ಕಳು. ಶಿಶಿರ್ ನಗಲಿಲ್ಲ. ಹಯಗ್ರೀವ ಹೆಂಡತಿಯ ಮುಖ ನೋಡಿದ. ಮೂವತ್ತಾರು ವರ್ಷದಲ್ಲಿ ಅವಳು ಹೀಗೆ ಅಡ್ಡ ನಿಂತದ್ದು ಅವನಿಗೆ ನೆನಪಿರಲಿಲ್ಲ.

"ಆಯ್ತು ಕಣೆ. ಎತ್ತಲ್ಲ. ಹಾಕು."

ಅವಳು ಎರಡು ಸೌಟು ಹಾಕಿದಳು.

ಬುಧವಾರ ಮೇಯೋ ಹಾಲ್ ಕೋರ್ಟಿನಲ್ಲಿ ಇವರ ಕೇಸು ಕರೆದಾಗ ಹನ್ನೆರಡು ಗಂಟೆ. ಹಯಗ್ರೀವ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮೂರು ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದ. ಅಂಬುಜಾ ಹಿಂದಿನ ಬೆಂಚಿನಲ್ಲಿ ಕೂತಳು.

ನ್ಯಾಯಾಧೀಶೆ ಅವನನ್ನು ನೋಡಿ, "ಹಿರಿಯರೇ, ಸರ್ಕಾರದ ಖರ್ಚಿನಲ್ಲೇ ವಕೀಲರನ್ನು ಕೊಡುತ್ತೇವೆ. ಈಗಲೂ ಯೋಚನೆ ಮಾಡಿ" ಅಂದರು.

"ಬೇಡ ಸ್ವಾಮಿ... ಮೇಡಂ. ನಾನೇ ಪಾರ್ಟಿ, ನಾನೇ ವಾದ."

ಸಾಯಬಣ್ಣ ಸಾಕ್ಷಿ ಕಟಕಟೆ ಹತ್ತಿದ. ತಲೆಯ ಎಡಗಡೆ ಕೂದಲಿಲ್ಲದ ಒಂದು ಗೆರೆ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಈ ಯಜಮಾನರು ಹೊಡೆದರು, ಹೌದು. ಸನಿಕೆ ಹಿಡಿ, ಹೌದು. ಹಿಂದಿನಿಂದ ಯಾರೋ ಹಿಡಿದುಕೊಂಡರು.

"ಯಾರು?"

"ಗೊತ್ತಿಲ್ರಿ. ಕತ್ತಲ ಇತ್ತು. ಹಿಂದಕ ಹೊಳ್ಳಿ ನೋಡಾಕ ಆಗ್ಲಿಲ್ಲ."

ಹಯಗ್ರೀವ ಇನ್ನೂ ಫೈಲಿನ ದಾರ ಬಿಚ್ಚುತ್ತಿದ್ದ. "ನಿಮ್ಮ ಕಾಗದ ಸರಿಮಾಡಿಕೊಳ್ಳಿ. ಎರಡನೇ ಆರೋಪಿಯ ವಕೀಲರು ಮೊದಲು ಮುಗಿಸಲಿ" ಅಂದರು ನ್ಯಾಯಾಧೀಶೆ.

ನೌರೀನ್ ಎದ್ದರು. "ಹಿಂದಿನಿಂದ ಹಿಡಿದವರ ಮುಖ ನೀವು ಅವತ್ತು ನೋಡಿಲ್ಲ?"

"ಇಲ್ರಿ."

"ಆಮೇಲೂ ಯಾರೆಂದು ನಿಮಗೆ ಗೊತ್ತಾಗಲಿಲ್ಲ?"

"ಇಲ್ರಿ."

ನೌರೀನ್ ಕೂತರು. ಅಷ್ಟೇ. ಶಿಶಿರ್ ಉಸಿರು ಬಿಟ್ಟದ್ದು ಹಿಂದಿನ ಬೆಂಚಿನವರೆಗೆ ಕೇಳಿಸಿತು.

ಈಗ ಹಯಗ್ರೀವ. ಕನ್ನಡಕ ಏರಿಸಿಕೊಂಡ, ಗಂಟಲು ಸರಿಮಾಡಿಕೊಂಡ.

"ಸಾಯಬಣ್ಣನೋರೇ, ಮೊದಲು ಒಪ್ಪಿದ ಅಂಶಗಳನ್ನ ತಗೊಳ್ಳೋಣ. ಆ ದಿನ ನಾನು ನಿಮ್ಮ ಸೈಟಿಗೆ ಬಂದೆ. ಒಪ್ತೀನಿ. ನನ್ನ ಕೈಯಲ್ಲಿ ಹಿಡಿ ಇತ್ತು. ಒಪ್ತೀನಿ."

"ಪ್ರಶ್ನೆ ಕೇಳಿ ಹಿರಿಯರೇ, ಭಾಷಣ ಬೇಡ."

"ಪ್ರಶ್ನೆಗೇ ಬಂದೆ ಮೇಡಂ. ಸಾಯಬಣ್ಣನೋರೇ, ನಮ್ಮ ಮನೆಯೋರು ರೌಡಿಗಳಲ್ಲ. ನಿಮಗೆ ಏಟು ಬೀಳಬಾರದು ಅಂತ್ಲೇ ನನ್ನ ಮಗ ಶಿಶಿರ್ ಓಡಿ ಬಂದು, ನಿಮ್ಮನ್ನ ಹಿಂದಿನಿಂದ ಹಿಡಿದು ಆಚೆಗೆ ಎಳೆದ. ನಿಮ್ಮನ್ನ ಕಾಪಾಡೋಕೆ! ಹೌದೋ ಅಲ್ವೋ?"

ನೌರೀನ್ ಆಕ್ಷೇಪಿಸಲು ಎದ್ದು ನಿಂತರು. ಟೈಪ್ ಮಾಡುವವಳ ಬೆರಳು ಆಗಲೇ ಓಡಿತ್ತು.

ಸಾಯಬಣ್ಣ ಶಿಶಿರನ ಕಡೆ ತಿರುಗಿದ. "ಓ, ಹಿಡದವ್ರು ಇವ್ರೇನ್ರಿ?" ಅಂದ. "ಕಾಪಾಡಾಕೋ ಏನೋ ನನಗ ಗೊತ್ತಿಲ್ರಿ ಸಾಹೇಬ್ರ. ಇವ್ರು ನನ್ನ ಎರಡೂ ಕೈ ಸೇರ್ಸಿ ಹಿಡಕೊಂಡಿದ್ರು. ತಲಿಗಿ ಕೈ ಅಡ್ಡ ಹಿಡೀಬೇಕಂದ್ರ ಬಿಡಸ್ಕೊಳ್ಳಾಕ ಆಗ್ಲಿಲ್ಲ. ಆವಾಗ ನೀವು ಹೊಡದ್ರಿ."

"ಬರೆದುಕೊಳ್ಳಿ," ಅಂದರು ನ್ಯಾಯಾಧೀಶೆ.

ಹಯಗ್ರೀವ ಇನ್ನೂ ಹದಿನಾಲ್ಕು ಪ್ರಶ್ನೆ ಕೇಳಿದ. ಸಂಪಿನ ಅಳತೆ, ಸಿಮೆಂಟಿನ ಬಣ್ಣ, ಎಲ್ಲ ಕೇಳಿದ. ಅಂಬುಜಾ ಎದ್ದು ಹೊರಗೆ ಹೋದಳು.

ಹೊರಗಿನ ಜಗಲಿಯಲ್ಲಿ ಸಾಯಬಣ್ಣ ಬಂದಾಗ ಅವಳು ಗೋಡೆಗೆ ಒರಗಿ ನಿಂತಿದ್ದಳು. ಎರಡೂವರೆ ವರ್ಷದಲ್ಲಿ ಮೊದಲ ಸಲ ಅವನನ್ನು ಮಾತಾಡಿಸಿದಳು.

"ತಲೆ ಹೇಗಿದೆಯಪ್ಪ?"

"ಚಳಿ ಬಿತ್ತಂದ್ರ ಜಗ್ತದವ್ವಾ. ಭಾರ ಹೊರಾಕ ಆಗಂಗಿಲ್ಲ. ಈಗ ಹಲಸೂರಾಗ ಒಂದ್ ಅಂಗಡಿ ಕಾಯ್ತೀನಿ." ಆಮೇಲೆ ಅಂದ: "ನಾ ನೋಡಿದ್ದಿಲ್ಲವ್ವಾ, ಖರೇನ. ನಿಮ್ಮ ಯಜಮಾನ್ರೇ ಹೇಳಿದ್ರು. ಕೇಳಿದ ಮ್ಯಾಲ ಇಲ್ಲ ಅಂತ ಹೆಂಗ ಅನ್ಲಿ?"

"ನೀನು ಸರಿಯಾಗೇ ಹೇಳಿದೆ," ಅಂದಳು ಅಂಬುಜಾ.

ಅವತ್ತು ಮನೆಯಲ್ಲಿ ಜಗಳ ಗೇಟಿನಿಂದಲೇ ಶುರುವಾಯಿತು.

"ಮಾತು ಕೊಟ್ಟಿದ್ರಿ!" ಅಂಬುಜಾಳ ಗಂಟಲು ಎದುರು ಮನೆಯವರಿಗೂ ಕೇಳಿಸಿತು. "ನನ್ನ ಮುಂದೆ ಕೂತು ಮಾತು ಕೊಟ್ಟಿದ್ರಿ!"

"ಒಳ್ಳೇದಕ್ಕೇ ಹೇಳಿದೆ ಕಣೆ. ಅವನು ಕಾಪಾಡೋಕೆ ಬಂದ ಅಂತ ರೆಕಾರ್ಡ್ ಆಯ್ತು ನೋಡು."

"ಏನು ರೆಕಾರ್ಡ್ ಆಯ್ತು ಗೊತ್ತಾ ಅಪ್ಪ?" ಶಿಶಿರ್ ಅಪ್ಪನ ಫೈಲನ್ನು ಕಿತ್ತುಕೊಂಡು ಸೋಫಾದ ಮೇಲೆ ಎಸೆದ. "ನಾನು ಕೈ ಹಿಡ್ಕೊಂಡೆ, ನೀವು ತಲೆ ಒಡೆದ್ರಿ. ಇಷ್ಟು. ಇಡೀ ಕೋರ್ಟಲ್ಲಿ ನಾನಲ್ಲಿದ್ದೆ ಅಂತ ಹೇಳ್ದೋರು ನೀವೊಬ್ರೇ!"

"ಇದ್ದೆಯಲ್ಲೋ!"

"ಇದ್ದೆ! ಹಿಡಿದೆ, ನಿಜ! ನೀವು ಹೊಡೀತೀರಿ ಅಂತ ಗೊತ್ತಿದ್ರೆ ಹಿಡೀತಾ ಇರ್ಲಿಲ್ಲ. ಆ ಮನುಷ್ಯನ ತಲೆ ಒಡೆದಿದ್ದು ನನ್ನಿಂದ್ಲೇ ಅಂತ ಎರಡೂವರೆ ವರ್ಷದಿಂದ ನಂಗೆ ಗೊತ್ತು. ಅದನ್ನ ನಾನು ಹೊತ್ಕೊಂಡಿದ್ದೆ. ನೀವ್ಯಾಕೆ ಟೈಪ್ ಮಾಡಿಸಿದ್ರಿ?"

ಹಯಗ್ರೀವ ಸೋಫಾದ ಹತ್ತಿರ ಹೋದ. ಫೈಲು ಎತ್ತಿಕೊಂಡು, ಚೆಲ್ಲಿದ ಹಾಳೆಗಳನ್ನು ಪುಟದ ನಂಬರ್ ಪ್ರಕಾರ ಜೋಡಿಸಿದ.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಯಾರೂ ಒಟ್ಟಿಗೆ ಕೂತು ಉಣ್ಣಲಿಲ್ಲ. ಅಂಬುಜಾ ಅಡುಗೆ ಮಾಡಿ ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ಬೇಕಾದವರು ಬಡಿಸಿಕೊಳ್ಳಲಿ. ಶಿಶಿರ್ ಅಡುಗೆಮನೆಯಲ್ಲೇ ನಿಂತು ತಿನ್ನುತ್ತಿದ್ದ. ಹಯಗ್ರೀವನ ಅಂಗಿ ಒಗೆಯುವ ಬಕೆಟ್ಟಿನಲ್ಲಿ ಮೂರು ದಿನ ಬಿದ್ದಿತ್ತು. ಕೊನೆಗೆ ಅವನೇ ತಿಕ್ಕಿ ಒಣಹಾಕಿದ. ಕಾಲರಿನ ಕೊಳೆ ಹೋಗಲಿಲ್ಲ. ಆದರೂ ದಿನಾ ಹತ್ತು ಗಂಟೆಗೆ ಕೆ.ಆರ್. ಪುರಂನ ಜೆರಾಕ್ಸ್ ಅಂಗಡಿಗೆ ಹೋಗಿ ವಾದ ಟೈಪ್ ಮಾಡಿಸುವುದನ್ನು ಬಿಡಲಿಲ್ಲ. ನೌರೀನ್ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ.

ಒಂದು ಸಂಜೆ ತಪ್ಪು ತಿದ್ದು ಎಂದು ಹಾಳೆಗಳನ್ನು ತನ್ಮಯಿಗೆ ಕೊಟ್ಟ. ಅವಳು ಪೂರ್ತಿ ಓದಿದಳು.

"ಅಪ್ಪ, ಹತ್ತೊಂಬತ್ತು ಪುಟ ಇದೆ. ಅಣ್ಣನ ಹೆಸರು ಇಪ್ಪತ್ತಾರು ಸಲ ಇದೆ."

"ಅವನ ಒಳ್ಳೇತನ ಹೇಳ್ಬೇಕಲ್ಲೇ?"

"ಒಳ್ಳೇತನ ಸತ್ಮೇಲೆ ಹೇಳಿ. ಈಗ ಹೊಡೆದು ಹಾಕಿ." ಅವಳು ಪೆನ್ನು ತೆಗೆದು ಮೊದಲ ಪುಟದಲ್ಲೇ ಒಂದು ಗೆರೆ ಎಳೆದಳು. ಹಯಗ್ರೀವ ಹಾಳೆ ಕಿತ್ತುಕೊಂಡ.

"ನಿಂಗೂ ಅಪ್ಪ ಅಂದ್ರೆ ಅಸಡ್ಡೆ ಆಗೋಯ್ತಲ್ಲ!"

"ಅಸಡ್ಡೆ ಆಗಿದ್ರೆ ಹತ್ತೊಂಬತ್ತು ಪುಟ ಯಾರು ಓದ್ತಿದ್ರು?"

ಅಂಬುಜಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವತ್ತು ಕೂಗಲಿಲ್ಲ. ಗಂಡನ ಎದುರಿನ ಕುರ್ಚಿ ಎಳೆದು ಕೂತಳು.

"ರೀ, ಕೊನೇ ಸಲ ಕೇಳ್ತೀನಿ. ಇದನ್ನ ಕೊಡ್ಬೇಡಿ. ಕೋಪದಲ್ಲಿ ನಾನೊಬ್ಬನೇ ಹೊಡೆದೆ, ತಪ್ಪಾಯ್ತು ಅಂತ ಹೇಳಿ. ಏನು ಶಿಕ್ಷೆ ಕೊಟ್ರೂ ನೀವು ತಗೊಳ್ಳಿ. ನಿಮ್ಮ ಪೆನ್ಷನ್ ಎಲ್ಲೂ ಹೋಗಲ್ಲ. ಮಿಕ್ಕಿದ್ದು ಆ ವಕೀಲಮ್ಮ ನೋಡ್ಕೊಳ್ಳಲಿ, ಇನ್ನೂ ದಾರಿ ಇದೆ ಅಂತಾರೆ."

"ಸುಳ್ಳು ಹೇಳು ಅಂತೀಯಾ?"

"ಸುಮ್ನಿರಿ ಅಂತೀನಿ. ಸುಮ್ನಿರೋದು ಸುಳ್ಳಲ್ಲ."

"ತಪ್ಪಾಯ್ತು ಅನ್ಬೇಕು, ಅವನ ಮುಂದೆ?"

"ಹೌದು. ಅವತ್ತು ಗೇಟ್ ಹತ್ರಾನೇ ಅನ್ಬೇಕಿತ್ತು."

ಹಯಗ್ರೀವ ಹಾಳೆಗಳ ಅಂಚು ಸರಿಮಾಡಿದ. ಆಮೇಲೆ ಅಂದ: "ಈ ಹತ್ತೊಂಬತ್ತು ಪುಟ ಓದಿದ ಮೇಲೆ ಜಡ್ಜಮ್ಮ ಕರಗದೇ ಇದ್ರೆ ಆಮೇಲೆ ಕೇಳು."

ಅಂಬುಜಾ ಎದ್ದು ಹೋಗಿ ಹಾಲು ಕಾಯಿಸಲಿಟ್ಟಳು.

ಮಾರ್ಚ್ ಹದಿನೆಂಟಕ್ಕೆ ತೀರ್ಪು. ನಾಲ್ವರೂ ಹೋಗಬೇಕೆಂದಿದ್ದರು, ತನ್ಮಯಿಗೆ ಇಂದಿರಾನಗರದ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಅಂಬುಜಾ ಮೊಸರನ್ನ ಕಲೆಸಿ ಡಬ್ಬಿಗೆ ಹಾಕಿಕೊಂಡಿದ್ದಳು.

ಹನ್ನೊಂದೂವರೆಗೆ ನ್ಯಾಯಾಧೀಶೆ ಓದಿದರು. ಒಂದನೇ ಆರೋಪಿ ತಪ್ಪಿತಸ್ಥ. ಎರಡನೇ ಆರೋಪಿ ಗಾಯಾಳುವಿನ ಕೈ ಹಿಡಿದುಕೊಂಡದ್ದನ್ನು ಒಂದನೇ ಆರೋಪಿಯೇ ಪಾಟೀಸವಾಲಿನಲ್ಲಿ ಮುಂದಿಟ್ಟಿದ್ದಾರೆ, ಗಾಯಾಳು ಅದನ್ನು ಖಚಿತಪಡಿಸಿದ್ದಾರೆ. ಆದ್ದರಿಂದ ಅವರೂ ತಪ್ಪಿತಸ್ಥ. ಒಬ್ಬರ ವಯಸ್ಸು, ಇಬ್ಬರಿಗೂ ಇದು ಮೊದಲ ಅಪರಾಧವೆಂಬುದನ್ನು ನೋಡಿ ಹೆಚ್ಚಿನ ಶಿಕ್ಷೆ ಕೊಡುವುದಿಲ್ಲ. ಇಬ್ಬರಿಗೂ ತಲಾ ಐದು ಸಾವಿರ ದಂಡ, ಅದು ಗಾಯಾಳುವಿಗೆ ಪರಿಹಾರ. ಜೊತೆಗೆ ಈ ದಿನ ಕೋರ್ಟು ಏಳುವವರೆಗೆ ಸಜೆ.

"ಅಂದ್ರೆ?" ಎಂದು ಹಯಗ್ರೀವ ಪಕ್ಕದ ಕಾನ್‌ಸ್ಟೇಬಲ್ ಸೂರ್ಯನನ್ನು ಕೇಳಿದ.

"ಸಾಯಂಕಾಲ ಮೇಡಂ ಎದ್ದು ಹೋಗೋವರೆಗೂ ನೀವಿಬ್ರೂ ಆ ಬೆಂಚ್ ಮೇಲೆ ಕೂತಿರ್ಬೇಕು ಸಾರ್. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ನೌರೀನ್ ಶಿಶಿರನ ಹತ್ತಿರ ಬಂದು ಬಗ್ಗಿ ಮೆಲ್ಲಗೆ ಹೇಳಿದರು: "ಅಪೀಲು ಹಾಕ್ತೀನಿ. ಆದ್ರೆ ಅದು ಮುಗಿಯೋಕೆ ವರ್ಷಗಳು ಬೇಕು. ಅವರು ಹುದ್ದೆ ಅಷ್ಟು ದಿನ ಇಟ್ಕೊಂಡಿರಲ್ಲ ಶಿಶಿರ್. ಸಾರಿ." ಶಿಶಿರ್ ತಲೆಯಾಡಿಸಿದ. ಬೇರೆ ಕೇಸು ಕರೆದರು, ಅವರು ಹೋದರು.

ಅಪ್ಪ ಮಗ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಅಂಬುಜಾ ಬಂದು ಮಗನ ಪಕ್ಕ ಕೂತಳು. ಒಂದೂವರೆಗೆ ಊಟದ ಬಿಡುವಾಯಿತು. ಸೂರ್ಯ, "ಡಬ್ಬಿ ಇದ್ರೆ ಇಲ್ಲೇ ತಿನ್ಕೊಳ್ಳಿ, ಪರವಾಗಿಲ್ಲ" ಅಂದ. ಅವಳು ಡಬ್ಬಿ ಬಿಚ್ಚಿ, ಮುಚ್ಚಳದಲ್ಲಿ ಗಂಡನಿಗೆ ಹಾಕಿಕೊಟ್ಟಳು. ಮಗನ ಕೈಗೆ ಚಮಚ ಕೊಟ್ಟಳು. ಅವನು ತಿನ್ನಲಿಲ್ಲ.

ಹಯಗ್ರೀವ ಎರಡು ಚಮಚ ತಿಂದ. ಹಸಿದಿದ್ದ. ಮುಖದಲ್ಲಿ ಬಣ್ಣ ಬಂತು.

"ನೋಡ್ದ್ಯಾ ಅಂಬುಜಾ? ಜೈಲಿಗೇ ಹಾಕ್ಬಹುದಿತ್ತು. ವರ್ಷಗಟ್ಟಲೆ! ಏನ್ ಮಾಡಿದ್ರು? ಸಾಯಂಕಾಲದವರೆಗೆ ಬೆಂಚು! ಹತ್ತೊಂಬತ್ತು ಪುಟ ಸುಮ್ನೆ ಹೋಗ್ಲಿಲ್ಲ. ಗೆದ್ವಿ ಅಂತ್ಲೇ ತಿಳ್ಕೋ."

"ಅವನ ಕೆಲಸ?" ಅಂದಳು ಅಂಬುಜಾ.

"ಅದಕ್ಕೊಂದು ಮನವಿ ಕೊಟ್ರಾಯ್ತು. ಇಂಥ ಸಣ್ಣ ಶಿಕ್ಷೆಗೆ ಕೆಲಸ ಕಳೆಯೋ ಹಾಗಿಲ್ಲ ಅಂತ. ನಾನೇ ಬರೀತೀನಿ."

ಶಿಶಿರ್ ಚಮಚ ಬೆಂಚಿನ ಮೇಲಿಟ್ಟ.

ಅಂಬುಜಾ ಡಬ್ಬಿಯನ್ನು ಮಗನ ತೊಡೆಯ ಮೇಲಿಟ್ಟಳು. ಪರ್ಸಿನಿಂದ ಮನೆಯ ಬೀಗದ ಕೈ ತೆಗೆದು ಅದರ ಪಕ್ಕಕ್ಕಿಟ್ಟಳು. "ನಾಳೆ ಆರು ಗಂಟೆಗೆ ಹಾಲಿನೋನು ಬರ್ತಾನೆ, ತನ್ಮಯಿಗೆ ಹೇಳು," ಅಂದಳು. ಸೆರಗು ಸರಿಮಾಡಿಕೊಂಡು ಎದ್ದಳು.

"ಎಲ್ಲಿಗೆ?" ಅಂದ ಹಯಗ್ರೀವ.

ಅವಳು ಬಾಗಿಲು ದಾಟಿದಳು.

"ಅಮ್ಮ!" ಶಿಶಿರ್ ಡಬ್ಬಿ ಕೆಳಗಿಟ್ಟು ಎದ್ದು ಓಡಿದ. ಬಾಗಿಲಲ್ಲೇ ಸೂರ್ಯ ಅಡ್ಡ ಕೈ ಇಟ್ಟ.

"ಸಾರ್, ಕೂತ್ಕೊಳ್ಳಿ. ಹೋಗೋ ಹಾಗಿಲ್ಲ."

"ನಮ್ಮಮ್ಮ ರೀ! ಒಂದು ನಿಮಿಷ!"

"ನಂಗೂ ಅಮ್ಮ ಇ‌ದಾರೆ ಸಾರ್. ಮೇಡಂ ಏಳೋವರೆಗೂ ನೀವು ಕೈದಿ. ಬಿಟ್ರೆ ನನ್ನ ಕೆಲಸ ಹೋಗುತ್ತೆ."

ಕಟಕಟೆಯಂಥ ಆ ಬಾಗಿಲಲ್ಲಿ ನಿಂತು ಶಿಶಿರ್ ನೋಡಿದ. ಅಮ್ಮ ಜಗಲಿಯ ಉದ್ದಕ್ಕೂ ನಡೆದಳು, ಕರಿ ಕೋಟುಗಳ ನಡುವೆ ಜಾಗ ಮಾಡಿಕೊಂಡು ಮೆಟ್ಟಿಲಿಳಿದಳು, ಮೆಟ್ರೋ ಸ್ಟೇಷನ್ನಿನ ಕಡೆ ತಿರುಗಿದಳು.

"ಕಾಫಿ ಕುಡಿಯೋಕೆ ಹೋಗಿರ್ತಾಳೆ," ಎಂದು ಹಯಗ್ರೀವ ಬೆಂಚಿನಿಂದ ಕೂಗಿ ಹೇಳಿದ. "ಬರ್ತಾಳೆ, ಬಂದು ಕೂತ್ಕೋ."

ಐದು ಇಪ್ಪತ್ತಕ್ಕೆ ಕೋರ್ಟು ಎದ್ದಿತು. ಅಂಬುಜಾ ಬಂದಿರಲಿಲ್ಲ. ಆ ವಾರವೂ ಬರಲಿಲ್ಲ. ಬಾಣಸವಾಡಿಯ ತನ್ನ ಅಕ್ಕನ ಮನೆಯಲ್ಲಿದ್ದಾಳೆಂದು ತಿಳಿದ ತನ್ಮಯಿ ಕರೆಯಲು ಹೋದಳು. ಅಂಬುಜಾ ಅವಳಿಗೆ ಹೊಟ್ಟೆ ತುಂಬ ಬಡಿಸಿ, ಮನೆಯಿಂದ ನನ್ನ ನಾಲ್ಕು ಸೀರೆ ತಂದುಕೊಡು ಎಂದು ಹೇಳಿ ಕಳಿಸಿದಳು.